ಪೂರ್ವದ ಕೆಂಪು ಗೋಪುರ

“ನಮ್ಮ ದೇಶದ ಹೆಸರು ಮಿರಿಫಾರು. ಒಂದು ದ್ವೀಪ, ಆರು ಮರಳುದಿಬ್ಬ, ಅವುಗಳ ಸುತ್ತ ಹವಳದ ದಂಡೆ. ಪಶ್ಚಿಮದಲ್ಲಿ ಹಡಗು ಒಳಬರುವ ಕಾಲುವೆ. ನಡುವೆ ಮಸೀದಿ ಮತ್ತು ಸಿಹಿನೀರಿನ ಬಾವಿ. ಪೂರ್ವದ ಅಂಚಿನಲ್ಲಿ ಕೆಂಪು ಗೋಪುರ.”

ಬೆಂಗ್ರೆಯ ಮಿರಿಫಾರು ಶಾಲೆಯ ನಾಲ್ಕನೆಯ ತರಗತಿ ಪಾಠವನ್ನು ಮಗ್ಗಿಯ ಧಾಟಿಯಲ್ಲಿ ಒಪ್ಪಿಸಿ ಮುಗಿಸಿತು. ‘ದೇಶ ಪರಿಚಯ’ ಪುಸ್ತಕದ ಮೊದಲ ಪಾಠ ಅದು. ನಝೀಹಾ ಅದನ್ನು ಇದೇ ಬೆಂಚುಗಳ ಮೇಲೆ ಕೂತು ಕಲಿತವಳು, ಈಗ ಅದನ್ನೇ ಕಲಿಸುವವಳು. ಎಷ್ಟು ಸಲ ಕೇಳಿದ್ದಳೋ ಏನೋ, ಎಂದೂ ಏನೂ ಅನ್ನಿಸಿರಲಿಲ್ಲ. ಇವತ್ತು ಮಾತ್ರ ಪ್ರತಿ ವಾಕ್ಯವನ್ನೂ ತಾನೂ ಮನಸ್ಸಿನಲ್ಲೇ ಒಪ್ಪಿಸಿಕೊಂಡಳು.

“ಟೀಚರ್, ನೀವು ನಡೆಯುವಾಗ ಗೋಪುರ ಹತ್ಲಿಕ್ಕೂ ಉಂಟಾ?” ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು.

“ಹತ್ಲಿಕ್ಕಿಲ್ಲ. ಕಂಡರೆ ಸಾಕು.”

“ಕಾಣದಿದ್ರೆ?”

“ಕಾಣದೆ ಎಂತ? ಪುಸ್ತಕ ತೆಗೀರಿ, ಎರಡನೇ ಪಾಠ,” ಎಂದಳು ನಝೀಹಾ, ಅಗತ್ಯಕ್ಕಿಂತ ಜೋರಾಗಿ.

ಮಿರಿಫಾರು ಮುಳುಗಿ ಮೂವತ್ತಾರು ವರ್ಷವಾಗಿತ್ತು. ಅರಬ್ಬಿ ಸಮುದ್ರದ ಆ ಪುಟ್ಟ ದೇಶದ ಅತಿ ಎತ್ತರದ ಜಾಗವೂ ಆಳೆತ್ತರ ಇರಲಿಲ್ಲ. ಕಡಲು ಮೇಲೆದ್ದಾಗ ಅಲ್ಲಿನ ಜನ ತಲೆತಲಾಂತರದಿಂದ ಒಣಮೀನು ಮಾರಿ ಅಕ್ಕಿ, ಬೆಲ್ಲ ಒಯ್ಯುತ್ತಿದ್ದ ಮಂಗಳೂರಿಗೇ ಬಂದರು. ನದಿ ಮತ್ತು ಕಡಲಿನ ನಡುವೆ ನಾಲಗೆಯಂತೆ ಚಾಚಿದ ಬೆಂಗ್ರೆಯ ಮರಳುಪಟ್ಟಿಯಲ್ಲಿ, ಎತ್ತರದ ತಡೆಗೋಡೆಯ ಮರೆಯಲ್ಲಿ, ಅವರಿಗೆ ಒಂದಷ್ಟು ಜಾಗ ಸಿಕ್ಕಿತು.

ನೆಲವಿಲ್ಲದ ದೇಶ ದೇಶವೇ? ಪ್ರಪಂಚದಲ್ಲಿ ಆ ಹೊತ್ತಿಗೆ ಇಂಥ ದೇಶಗಳು ಹನ್ನೊಂದಾಗಿದ್ದವು. ವರ್ಷಗಟ್ಟಲೆ ಚರ್ಚೆ ನಡೆದು ಒಂದು ಒಪ್ಪಂದವಾಯಿತು. ಮುಳುಗಿದ ದೇಶವನ್ನು ಅದರ ಜನ ಬಲ್ಲವರಾಗಿ ಇರುವವರೆಗೆ ಅದು ದೇಶವೇ. ಅದರ ಬಾವುಟ, ಪಾಸ್‌ಪೋರ್ಟ್, ಅದರ ಕಡಲಿನ ಮೀನಿನ ಹಕ್ಕು ಎಲ್ಲವೂ ಊರ್ಜಿತ. ಆದರೆ ಬಲ್ಲರು ಎಂಬುದಕ್ಕೆ ಫೋಟೊ, ಭೂಪಟ ಯಾವುದೂ ಸಾಕ್ಷಿಯಾಗದು, ಅವು ವಸ್ತುಸಂಗ್ರಹಾಲಯದಲ್ಲೂ ಉಳಿಯುತ್ತವೆ. ಏಳು ವರ್ಷಕ್ಕೊಮ್ಮೆ, ನೆಲ ಮುಳುಗಿದ ಮೇಲೆ ಹುಟ್ಟಿದ ಒಬ್ಬರು ಚೀಟಿಯಲ್ಲಿ ಆಯ್ಕೆಯಾಗಿ, ಎಂದೂ ಕಾಣದ ಆ ದೇಶದಲ್ಲಿ ನಡೆದು ತೋರಿಸಬೇಕು. ಯಂತ್ರ ಅವರ ನಡಿಗೆಯನ್ನು ದೇಶ ಕಂಡವರ ನೆನಪಿನೊಂದಿಗೆ ಹೋಲಿಸುತ್ತದೆ. ನೂರಕ್ಕೆ ಎಪ್ಪತ್ತು ಹೊಂದಿದರೆ ದೇಶ ಉಳಿಯುತ್ತದೆ.

ಹಿಂದಿನ ವರ್ಷ ಶಾಂತ ಸಾಗರದ ಒಂದು ದೇಶಕ್ಕೆ ಅರವತ್ನಾಲ್ಕು ಬಂತು. ಮರುದಿನದ ಪತ್ರಿಕೆಯಲ್ಲಿ ಅದು ಒಳಪುಟದ ಸುದ್ದಿ. ಆ ದೇಶದವರು ಅಷ್ಟರಲ್ಲಿ ಎಲ್ಲಿಯವರೂ ಅಲ್ಲದವರಾಗಿ, ಇದ್ದ ಮನೆಗಳಿಂದ ಶಿಬಿರಗಳಿಗೆ ಹೊರಡುತ್ತಿದ್ದರು.

ಮಿರಿಫಾರು ಇದಕ್ಕೆ ಮೊದಲು ಎರಡು ಸಲ ಪಾಸಾಗಿತ್ತು. ಮೂರನೆಯ ಚೀಟಿಯಲ್ಲಿ ಬಂದ ಹೆಸರು ನಝೀಹಾ.

*

ಪರೀಕ್ಷೆ ನಡೆಯುವ ಕೇಂದ್ರ ಕದ್ರಿ ಗುಡ್ಡದ ಮೇಲಿತ್ತು. ಅಭ್ಯಾಸಕ್ಕೆಂದು ವಾರಕ್ಕೆರಡು ದಿನ ನಝೀಹಾ ಫೆರಿಯಲ್ಲಿ ನದಿ ದಾಟಿ, ಬಂದರಿನಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಯಂತ್ರ ನೋಡಿಕೊಳ್ಳುವವಳು ಲವೀನಾ ಮೊಂತೇರೊ, ವಾಮಂಜೂರಿನವಳು, ನಲವತ್ತರ ಆಸುಪಾಸಿನ ಇಂಜಿನಿಯರ್.

“ಯಂತ್ರಕ್ಕೆ ನೀನು ಬಾಯಿಪಾಠ ಹೇಳಿದ್ರೆ ಅದು ಕೇಳುವುದಿಲ್ಲ ಮಾರಾಯ್ತಿ,” ಎಂದಿದ್ದಳು ಮೊದಲ ದಿನವೇ. “ಅದಕ್ಕೆ ಕಿವಿ ಇಲ್ಲ.”

ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಜಾಗ ಗುರುತಿಸುವ ಕೋಶಗಳಿವೆ. ಮನೆಯ ಬಾಗಿಲಿಗೆ ಬಂದಾಗ ಕೆಲವು ಮಿಡಿಯುತ್ತವೆ, ಬಾವಿಯ ಬಳಿ ಬೇರೆ ಕೆಲವು. ಇವು ಸೇರಿ ತಲೆಯೊಳಗೆ ಊರಿನ ಒಂದು ವಿನ್ಯಾಸ ಹೆಣೆಯುತ್ತವೆ. ಯಾವ ಕೋಶ ಮಿಡಿಯಿತು ಎಂಬುದು ಒಬ್ಬೊಬ್ಬರಿಗೆ ಒಂದೊಂದು ತರಹ, ಆದರೆ ವಿನ್ಯಾಸಗಳನ್ನು ಒಂದರ ಮೇಲೊಂದು ಇಟ್ಟು ಹೋಲಿಸಬಹುದು. ದೇಶ ಮುಳುಗಿ ಹನ್ನೊಂದು ವರ್ಷಕ್ಕೆ, ಒಪ್ಪಂದ ಬಂದ ಹೊಸತರಲ್ಲಿ, ದ್ವೀಪದಲ್ಲಿ ಬೆಳೆದ ನಲವತ್ತು ಮಂದಿಯನ್ನು ಇದೇ ಹಜಾರದಲ್ಲಿ ನಡೆಸಿ ಅವರ ವಿನ್ಯಾಸಗಳನ್ನು ಸೇರಿಸಿ ಮೂಲನಕ್ಷೆ ಮಾಡಿದ್ದರು. ‘ದೇಶ ಪರಿಚಯ’ ಪುಸ್ತಕ ಬರೆದದ್ದೂ ಆ ನಕ್ಷೆಯಿಂದಲೇ.

ಹಜಾರ ಪೂರ್ತಿ ಖಾಲಿ, ಪೂರ್ತಿ ಕತ್ತಲೆ. ತಲೆಗೆ ಹೆಲ್ಮೆಟ್, ಕಾಲಡಿಯಲ್ಲಿ ನಡೆದತ್ತ ಸರಿಯುವ ನೆಲ. ನಝೀಹಾ ಕಾಲುವೆಯ ದಡದಿಂದ ಹೊರಟು, ಮಸೀದಿ ದಾಟಿ, ಬಾವಿಯ ಬಲಕ್ಕೆ ತಿರುಗಿ, ಪೂರ್ವದ ಅಂಚಿನವರೆಗೆ ನಡೆದು ಬಂದಳು.

“ಎಪ್ಪತ್ನಾಲ್ಕು!” ಲವೀನಾ ನಿಯಂತ್ರಣ ಕೋಣೆಯಿಂದ ಕೂಗಿದಳು. “ಹೀಗೇ ನಡೆದ್ರೆ ಬಿರಿಯಾನಿ ನನ್ನದು.”

“ಬಾವಿಯ ಹತ್ತಿರ ಸ್ವಲ್ಪ ತಪ್ಪಿದ ಹಾಗಾಯ್ತು ಅಕ್ಕ.”

“ಬಾವಿ ಬಿಡು. ಗೋಪುರದ್ದೇ ದೊಡ್ಡ ಮಾರ್ಕು. ನಲವತ್ತು ಜನರಿಗೂ ಅದು ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಉಂಟು. ಅದು ನಿಂಗೆ ಸರಿ ಕಂಡಿದೆ, ಮುಗೀತು.”

ಆ ದಿನ ಫೆರಿಯಲ್ಲಿ ಮರಳುವಾಗ ನಝೀಹಾಗೆ ಹಸಿವಾಯಿತು. ಚೀಟಿ ಎತ್ತಿದ ಮೇಲೆ ಹಸಿವಾದದ್ದು ಅದೇ ಮೊದಲು.

*

ಅವಳ ಅಮ್ಮಮ್ಮ ಹವ್ವಾಗೆ ಕಣ್ಣಿರಲಿಲ್ಲ. ದ್ವೀಪದಲ್ಲೇ ಮಸುಕಾಗುತ್ತ ಬಂದ ದೃಷ್ಟಿ, ಮಂಗಳೂರಿಗೆ ಹೊರಡುವ ಮೊದಲೇ ಪೂರ್ತಿ ಹೋಗಿತ್ತು. ಈ ಊರನ್ನು ಆಕೆ ಒಂದು ದಿನವೂ ಕಂಡವಳಲ್ಲ. ಆದರೆ ಬೈಗುಳವನ್ನು ಮಾತ್ರ ಬೆಂಗ್ರೆಯ ಮೀನು ಮಾರುವ ಹೆಂಗಸರಿಂದ ಚೆನ್ನಾಗಿ ಕಲಿತಿದ್ದಳು. ಮನೆಯಲ್ಲಿ ದ್ವೀಪದ ಮಾತು, ಸಿಟ್ಟು ಬಂದರೆ ಮಂಗಳೂರು ಕನ್ನಡ.

ನಝೀಹಾ ಅನ್ನಕ್ಕೆ ಮೀನಿನ ತಿಳಿಸಾರು ಹಾಕಿ ಕೊಟ್ಟು, ಎದುರು ಕೂತು ದಾರಿಯನ್ನು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದಳು. “ಮಸೀದಿಯಿಂದ ಬಾವಿ. ಬಾವಿಯಿಂದ ಬಲಕ್ಕೆ. ಎಡಕ್ಕೆ ಹಲಸಿನ ಮರ. ಆಮೇಲೆ ಎದುರಿಗೆ ಗೋಪುರ...”

“ಯಾವ ಗೋಪುರ?”

“ಪೂರ್ವದ ಗೋಪುರ ಅಮ್ಮಮ್ಮ. ಕೆಂಪಿನದ್ದು.”

ಹವ್ವಾ ಅಗಿಯುವುದನ್ನು ನಿಲ್ಲಿಸಿದಳು. “ಅಲ್ಲಿ ಗೋಪುರ ಎಲ್ಲಿಂದ ಬಂತು? ನಮ್ಮಲ್ಲಿ ತೆಂಗಿನ ಮರಕ್ಕಿಂತ ಎತ್ತರದ್ದು ಯಾವುದೂ ಇರ್ಲಿಲ್ಲ.”

“ನಿಮಗೆ ಮರೆತಿರ್ಬೇಕು.”

“ಮರೆಯುವುದಾ?” ಹವ್ವಾ ಕನ್ನಡಕ್ಕೆ ಇಳಿದಳು. “ನಾನು ಹುಟ್ಟಿದ್ದು ಅಲ್ಲಿ, ಮದುವೆ ಆದದ್ದು ಅಲ್ಲಿ, ಮೂರು ಹೆತ್ತದ್ದು ಅಲ್ಲಿ. ನನ್ನ ಮನೆಯ ಹಿತ್ತಿಲು ಅದು. ಪೂರ್ವಕ್ಕೆ ಏನೂ ಇಲ್ಲ! ಕೇಳ್ತಾ? ಏನೂ ಇಲ್ಲ!”

ನಝೀಹಾ ನಗಲು ನೋಡಿದಳು. ವಯಸ್ಸು ಎಂಬತ್ತೆರಡು, ನೆನಪು ಜಾರುವುದು ಸಹಜ ಎಂದುಕೊಂಡಳು. ಆದರೆ ಹವ್ವಾಗೆ ಮೊನ್ನೆ ಸಾರಿಗೆ ಎಷ್ಟು ಉಪ್ಪು ಬಿದ್ದಿತ್ತೆಂಬುದೂ ನೆನಪಿತ್ತು. ಇನ್ನೊಂದು ವಿಷಯವೂ ತಟ್ಟನೆ ಹೊಳೆಯಿತು. ಮೂಲನಕ್ಷೆಗೆ ಅಂಧರನ್ನು ತೆಗೆದುಕೊಳ್ಳಬಾರದೆಂದು ನಿಯಮವಿತ್ತು. ಆ ನಲವತ್ತು ಮಂದಿಯಲ್ಲಿ ಅಮ್ಮಮ್ಮ ಇರಲಿಲ್ಲ.

*

“ನೀನು ಇದನ್ನ ನನಗೆ ಹೇಳ್ಬಾರ್ದಿತ್ತು,” ಎಂದಳು ಲವೀನಾ. ಹೇಳುತ್ತಲೇ ಹಳೆಯ ಉಪಗ್ರಹ ಚಿತ್ರಗಳನ್ನು ಹುಡುಕತೊಡಗಿದ್ದಳು.

ನಿಯಮದ ಪ್ರಕಾರ ಚಿತ್ರ ಸಾಕ್ಷಿಯಲ್ಲ, ಹಾಗಾಗಿ ಯಾರೂ ತೆಗೆದು ನೋಡುವ ಗೋಜಿಗೆ ಹೋಗಿರಲಿಲ್ಲ. ದ್ವೀಪ ಇನ್ನೂ ಒಣಗಿದ್ದ ಕಾಲದ, ಬೆಳಗಿನ ಓರೆಬಿಸಿಲಿನಲ್ಲಿ ತೆಗೆದ ಚಿತ್ರವೊಂದು ಸಿಕ್ಕಿತು. ಒಂದೊಂದು ತೆಂಗಿನ ಮರಕ್ಕೂ ಪಶ್ಚಿಮದತ್ತ ಉದ್ದನೆಯ ನೆರಳು. ದ್ವೀಪದ ನಡುವೆ ಪೂರ್ವದಿಂದ ಪಶ್ಚಿಮಕ್ಕೆ, ತಲೆಗೂದಲಿನ ಬೈತಲೆಯಂತೆ, ಮರವಿಲ್ಲದ ನೇರ ತೆರಪು. ಅದರ ಪೂರ್ವದ ತುದಿಯಲ್ಲಿ ಗೋಪುರವಿದ್ದಿದ್ದರೆ ಎಲ್ಲಕ್ಕಿಂತ ಉದ್ದದ ನೆರಳು ಅಲ್ಲಿ ಬೀಳಬೇಕಿತ್ತು. ಅಲ್ಲಿ ಬರೀ ಬಿಳಿ ಮರಳು.

“ನೆರಳಿಲ್ಲ,” ಎಂದಳು ಲವೀನಾ ಮೆಲ್ಲಗೆ.

“ಹಾಗಾದ್ರೆ ನಲವತ್ತು ಜನ ಸುಳ್ಳು ಹೇಳಿದ್ದಾರಾ?”

“ಈ ಯಂತ್ರಕ್ಕೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಅವರಿಗೆ ಕಂಡದ್ದೇ ಬಂದದ್ದು.” ಲವೀನಾ ಕುರ್ಚಿಯಿಂದೆದ್ದು ಕಿಟಕಿಯ ಬಳಿ ಹೋದಳು. ಗುಡ್ಡದ ಕೆಳಗೆ ಪೇಟೆ, ಪೇಟೆಯಾಚೆ ನದಿ, ನದಿಯಾಚೆ ಬೆಂಗ್ರೆಯ ತಗ್ಗು ಮನೆಗಳು. “ನಿಮ್ಮ ಕೇರಿ ಕಟ್ಟಿದ್ದು ಯಾರು?”

“ಬಂದವರೇ. ದ್ವೀಪದಲ್ಲಿ ಇದ್ದ ಹಾಗೆಯೇ ಕಟ್ಟಿದ್ದು. ಮಸೀದಿ, ಬಾವಿ, ಆಮೇಲೆ ಮನೆ ಸಾಲು. ನಡುವೆ ಒಂದು...” ನಝೀಹಾಳ ಮಾತು ಅಲ್ಲಿಗೇ ನಿಂತಿತು.

ನಡುವೆ ಒಂದು ತೆರಪು. ಕಡಲಿನಿಂದ ನದಿಯವರೆಗೆ, ಯಾರೂ ಮನೆ ಕಟ್ಟದೆ ಬಿಟ್ಟ ಪಟ್ಟಿ. ಅಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ನದಿಯಾಚೆ ಬಾಗಿಲು ಮುಚ್ಚಿದ ಹಂಚಿನ ಕಾರ್ಖಾನೆಯೊಂದರ ಹೊಗೆ ಕೊಳವೆ ಕಾಣುತ್ತದೆ. ಕೆಂಪು ಇಟ್ಟಿಗೆಯದು. ತೆರಪಿನ ನಟ್ಟನಡುವೆ ನೆಟ್ಟಗೆ.

ನೆನಪೆಂದರೆ ಕಪಾಟಿನಲ್ಲಿ ಇಟ್ಟ ಫೋಟೊ ಅಲ್ಲ ಎಂದು ಲವೀನಾ ವಿವರಿಸಿದಳು. ಪ್ರತಿ ಸಲ ನೆನೆದಾಗ ಮೆದುಳು ಅದನ್ನು ಹೊರತೆಗೆದು ಮತ್ತೆ ಬರೆದಿಡುತ್ತದೆ. ಬರೆಯುವ ಹೊತ್ತಿಗೆ ಕಣ್ಣೆದುರು ಏನಿದೆಯೋ ಅದೂ ಸ್ವಲ್ಪ ಸೇರುತ್ತದೆ. ಹನ್ನೊಂದು ವರ್ಷ ಆ ನಲವತ್ತು ಮಂದಿ ದಿನವೂ ಈ ತೆರಪನ್ನು ದಾಟುತ್ತ ಆ ತೆರಪನ್ನು ನೆನೆದಿದ್ದರು. ಎಲ್ಲರೂ ಒಂದೇ ಕೊಳವೆಯ ಎದುರು. ಅದಕ್ಕೇ ಎಲ್ಲರ ತಪ್ಪೂ ಒಂದೇ.

ಅಮ್ಮಮ್ಮನಿಗೆ ಮಾತ್ರ ಕೊಳವೆ ಕಂಡಿರಲಿಲ್ಲ.

ಆ ದಿನದ ಅಭ್ಯಾಸದಲ್ಲಿ ನಝೀಹಾಗೆ ಅರವತ್ತಾರು ಬಂತು. ಪೂರ್ವಕ್ಕೆ ಬರುತ್ತಿದ್ದಂತೆ ಕಾಲು ತಡವರಿಸಿತು. ಗೋಪುರ ಇರಬೇಕು ಅಂದುಕೊಂಡರೆ ಅಲ್ಲಿ ಬಿಳಿ ಮರಳು. ಇರಲಿಕ್ಕಿಲ್ಲ ಅಂದುಕೊಂಡರೆ ಕೆಂಪಗೆ ಎದ್ದು ನಿಲ್ಲುತ್ತದೆ. ಪರದೆಯ ಮೇಲೆ ಆ ಜಾಗದ ಗೆರೆ ನಡುಗುತ್ತಿತ್ತು.

“ತಲೆಯಲ್ಲಿ ಒಂದೇ ಜಾಗಕ್ಕೆ ಎರಡು ನಕ್ಷೆ ಇದ್ರೆ ಮೆದುಳು ಎರಡನ್ನೂ ಬೆರೆಸುವುದಿಲ್ಲ,” ಎಂದಳು ಲವೀನಾ. “ಇದು, ಅದು, ಇದು, ಅದು. ಸೆಕೆಂಡಿಗೆ ಎಂಟು ಸಲದವರೆಗೂ ಅದಲುಬದಲು ಆಗ್ತದೆ. ಯಂತ್ರ ಅದನ್ನ ‘ಗೊತ್ತಿಲ್ಲ’ ಅಂತ ಓದ್ತದೆ.”

“ನಾನು ಎಂತ ಮಾಡ್ಬೇಕು ಅಕ್ಕ?”

“ಮೊನ್ನೆಯ ಹಾಗೆ ಏನೂ ಗೊತ್ತಿಲ್ಲದವಳ ಹಾಗೆ ನಡೀಬೇಕು.” ಲವೀನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಆಗ್ಲಿಕ್ಕಿಲ್ಲ, ಗೊತ್ತುಂಟು. ಆದ್ರೂ.”

*

ಮಿರಿಫಾರು ದೇಶದ ಅಧ್ಯಕ್ಷರಾದ ಈಸಾ ಕಾಕನಿಗೆ ಬಂದರಿನಲ್ಲಿ ಒಣಮೀನಿನ ಅಂಗಡಿ ಇತ್ತು. ತಕ್ಕಡಿಯ ಹಿಂದೆ ಗೋಡೆಗೆ ದೇಶದ ಬಾವುಟ. ಪಾಸ್‌ಪೋರ್ಟಿಗೆ ಮೊಹರು ಹಾಕಬೇಕಾದಾಗ ಅವರು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಯುತ್ತಿದ್ದರು, ಆದರೂ ಮಿರಿಫಾರಿನ ಪಾಸ್‌ಪೋರ್ಟುಗಳಿಗೆಲ್ಲ ಮೀನಿನ ವಾಸನೆ ಇರುತ್ತಿತ್ತು.

ನಝೀಹಾ ಹೇಳಿದ್ದನ್ನೆಲ್ಲ ಅವರು ಅಡ್ಡ ಮಾತಾಡದೆ ಕೇಳಿದರು. ಗಿರಾಕಿಯೊಬ್ಬನಿಗೆ ಮೀನು ತೂಗಿ ಕಳಿಸಿ ಬಂದು ಸ್ಟೂಲಿನ ಮೇಲೆ ಕೂತರು.

“ನಿನ್ನ ಅಮ್ಮಮ್ಮನಿಗೆ ಕಣ್ಣಿಲ್ಲ.”

“ಅದಕ್ಕೇ ಕಾಕ—”

“ನಾನು ಆ ಗೋಪುರ ಹತ್ತಿದ್ದೇನೆ ಮಗಾ.” ಈಸಾ ಕಾಕನ ದನಿ ಇಳಿಯಿತು. “ಒಂಬತ್ತು ವರ್ಷದವ ಇದ್ದೆ. ಅರ್ಧ ಹತ್ತಿದೆ, ಮೇಲೆ ಹೋಗ್ಲಿಕ್ಕೆ ಹೆದರಿಕೆ. ಕೆಳಗಿನಿಂದ ನಮ್ಮ ಅಪ್ಪ ಕೂಗಿದ್ರು. ಇಳಿದು ನೋಡಿದ್ರೆ ಅಂಗೈ ತುಂಬ ಕೆಂಪು ಹುಡಿ. ಅಪ್ಪ ಅದನ್ನ ತಮ್ಮ ಲುಂಗಿಯಲ್ಲೇ ಒರೆಸಿದ್ರು, ಬೈಲಿಲ್ಲ. ಅದರ ಮುಂದಿನ ವರ್ಷ ಅವರು ಕಡಲಿಂದ ಬರ್ಲಿಲ್ಲ.”

ನಝೀಹಾ ಅವರ ಅಂಗೈಯನ್ನೇ ನೋಡಿದಳು. ಹವಳದ ದ್ವೀಪದಲ್ಲಿ ಜೇಡಿಮಣ್ಣಿರುವುದಿಲ್ಲ. ಇಟ್ಟಿಗೆ ಇರುವುದಿಲ್ಲ. ಕೆಂಪು ಹುಡಿ ಎಂಬುದೇ ಅಲ್ಲಿ ಇರಲು ಸಾಧ್ಯವಿಲ್ಲ. ನಾಲ್ಕನೆಯ ತರಗತಿಗೆ ಮೂರನೆಯ ಪಾಠವಾಗಿ ಅದನ್ನು ಕಲಿಸುವವಳು ತಾನೇ. ಮೊದಲ ಪಾಠವನ್ನೂ ಮೂರನೆಯ ಪಾಠವನ್ನೂ ಎಂದೂ ಜೊತೆಗಿಟ್ಟು ನೋಡಿರಲಿಲ್ಲ.

“ಇರಲಿ, ನಿನ್ನ ಮಾತೇ ಸರಿ ಅಂತ ಇಟ್ಕೊಳ್ಳುವ,” ಎಂದರು ಈಸಾ ಕಾಕ. “ಗೋಪುರ ಇಲ್ಲ ಅಂತ ನೀನು ನಡೀತೀ. ಅರವತ್ತಾರು ಬರ್ತದೆ. ಮರುದಿನ ಇಲ್ಲಿ ಸಾವಿರದ ಇನ್ನೂರು ಜನರನ್ನ ಲಾರಿ ಹತ್ತಿಸ್ತಾರೆ. ನಿನ್ನ ಅಮ್ಮಮ್ಮ ಆ ಶಿಬಿರದಲ್ಲಿ ಪಾಯಿಖಾನೆಗೆ ಹೋಗುವ ದಾರಿ ಎಷ್ಟು ದಿನಕ್ಕೆ ಕಲೀತಾಳೆ? ಹೇಳು.”

ಅವರು ಎದ್ದು ತಕ್ಕಡಿಯ ತಟ್ಟೆ ಒರೆಸಿದರು.

“ಗೋಪುರ ಇರಲಿ ಮಗಾ. ಇದ್ರೆ ಯಾರಿಗೂ ನಷ್ಟ ಇಲ್ಲ.”

“ನನ್ನ ಕೈಯಲ್ಲಿದ್ರೆ ಇಟ್ಕೊಳ್ತಿದ್ದೆ ಕಾಕ,” ಎಂದಳು ನಝೀಹಾ. “ಅದು ನನ್ನ ಮಾತು ಕೇಳುವುದಿಲ್ಲ.”

*

ಪರೀಕ್ಷೆಯ ಹಿಂದಿನ ಸಂಜೆ ಅವಳು ಹವ್ವಾಳನ್ನು ಕೈಹಿಡಿದು ಮಸೀದಿಯ ಬಾವಿಕಟ್ಟೆಯವರೆಗೆ ನಡೆಸಿಕೊಂಡು ಹೊರಟಳು. ಅದು ಅವಳ ಐದನೆಯ ವರ್ಷದಿಂದಲೂ ಅವಳದೇ ಕೆಲಸ. ಮನೆಗಳ ಸಾಲು ಮುಗಿದು ತೆರಪು ಬರುತ್ತಿದ್ದಂತೆ ಕಡಲ ಗಾಳಿ ಕೆನ್ನೆಗೆ ತಾಗಿತು. ಹವ್ವಾಳ ಕೈ ಎಂದಿನಂತೆ ಅವಳ ಕತ್ತಿನ ಮೇಲೆ ಬಂತು.

“ಗಾಳಿ ಬಂತು, ಬಗ್ಗು.”

ಇಬ್ಬರೂ ಬೆನ್ನು ಬಗ್ಗಿಸಿ ಹತ್ತು ಹನ್ನೆರಡು ಹೆಜ್ಜೆ ಬೇಗ ಬೇಗ ನಡೆದು, ಮತ್ತೆ ಮನೆ ಸಾಲು ಬಂದಾಗ ನೆಟ್ಟಗಾದರು. ನಝೀಹಾ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಇಲ್ಲಿ ಬಗ್ಗಿದ್ದಳು. ಹಿಂದೆ ಎಂದೋ ಇಲ್ಲಿ ಬಟ್ಟೆ ಒಣಗಿಸುವ ತಂತಿ ಇದ್ದಿರಬೇಕು, ಹಿರಿಯರಿಗೆ ಅದರ ಅಭ್ಯಾಸ ಹೋಗಿಲ್ಲ ಎಂದೇ ಎಣಿಸಿದ್ದಳು. ಮಕ್ಕಳಿಗಂತೂ ಅದೊಂದು ಆಟ.

“ಅಮ್ಮಮ್ಮ, ಇಲ್ಲಿ ಯಾಕೆ ಬಗ್ಗುವುದು?”

“ಯಾಕೆ ಅಂತ ಇದೆಂಥ ಪ್ರಶ್ನೆ? ಹಡಗಿನವರಿಗೆ ಅಡ್ಡ ಆಗ್ಬಾರ್ದಲ್ಲ.”

“ಯಾವ ಹಡಗು?”

ಹವ್ವಾ ಬಾವಿಕಟ್ಟೆ ತಲುಪಿ, ಅದರ ಮೇಲೆ ಕೂತು ಉಸಿರು ಬಿಟ್ಟಳು. ದ್ವೀಪದ ಮಾತಿನಲ್ಲಿ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು. ಹೊರಗಿನ ಹಡಗುಗಳು ರಾತ್ರಿಯಿಡೀ ಹವಳದ ದಂಡೆಯಾಚೆ ಕಾಯುತ್ತಿದ್ದವು. ಬೆಳಕು ಹರಿಯುವಾಗ ಕಪ್ಪು ತೆಂಗುಗಳ ನಡುವೆ ಒಂದು ಕಡೆ ಮಾತ್ರ ಆಕಾಶ ಸೀಳಿದಂತೆ ಬೆಳ್ಳಗೆ ಕಾಣುತ್ತಿತ್ತು. ಆ ಬಿಳಿ ಗೆರೆಗೆ ಮೂಗು ನೇರ ಮಾಡಿ ಬಂದರೆ ಹಡಗು ಕಾಲುವೆಯಲ್ಲಿ ಸುರಕ್ಷಿತ. ಒಂದಿಷ್ಟು ತಪ್ಪಿದರೂ ಹವಳ ತಳ ಸೀಳುತ್ತದೆ. ಅದಕ್ಕೇ ಆ ತೆರಪಿನಲ್ಲಿ ಯಾರೂ ಮರ ನೆಡುವಂತಿಲ್ಲ, ಗೂಟ ಹೊಡೆಯುವಂತಿಲ್ಲ. ಹಾಯುವವರು ಬಗ್ಗಿ ಹಾಯಬೇಕು. ತಲೆಹೊರೆ ಇದ್ದರೆ ಇಳಿಸಿ, ಕಂಕುಳಲ್ಲಿ ಹಿಡಿದು.

“ಊರಿನ ಹಿರಿಯರೂ ಬಗ್ಗಬೇಕಿತ್ತಾ?”

“ಹೊಸ ಮದುಮಗನೂ ಬಗ್ಗಬೇಕು. ನಿಮ್ಮ ಅಜ್ಜ ಮದುವೆಯ ದಿನ ಟೊಪ್ಪಿ ಬೀಳಿಸಿಕೊಂಡದ್ದು ಅಲ್ಲೇ.” ಹವ್ವಾ ನಕ್ಕಳು. ಆಮೇಲೆ ಗಂಭೀರಳಾದಳು. “ಬೇರೆ ದೇಶದವರಿಗೆ ಗುಡ್ಡ ಉಂಟು, ಕೋಟೆ ಉಂಟು, ತೋರಿಸ್ತಾರೆ. ನಮಗೆ ತೋರಿಸ್ಲಿಕ್ಕೆ ಇದ್ದದ್ದು ಅದೊಂದೇ. ಖಾಲಿ ಇಟ್ಟ ಜಾಗ. ಅಲ್ಲಿ ಗೋಪುರ ನಿಲ್ಲಿಸಿದವರು ಯಾರು ಅಂತ ಹೇಳು, ನಾನು ಕೇಳ್ತೇನೆ.”

ಹಿಂದಿರುಗುವಾಗ ಅಂಗಡಿ ಮುಚ್ಚಿ ಬರುತ್ತಿದ್ದ ಈಸಾ ಕಾಕ ದೂರದಲ್ಲಿ ಕಂಡರು. ಕೈಯಲ್ಲಿ ಚೀಲ, ಕಿವಿಗೆ ಫೋನು, ಯಾರೊಂದಿಗೋ ಜಗಳ. ತೆರಪು ಬಂದಾಗ ಮಾತು ನಿಲ್ಲಿಸದೆಯೇ ಬಗ್ಗಿ, ಚೀಲವನ್ನು ಕಂಕುಳಿಗೆ ಅವುಚಿಕೊಂಡು ದಾಟಿ, ಆಚೆ ಹೋಗಿ ನೆಟ್ಟಗಾದರು. ತಾವು ಬಗ್ಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

*

ಪರೀಕ್ಷೆ ನಡೆಸುವ ಒಪ್ಪಂದದ ಆಯೋಗದ ವೀಕ್ಷಕಿ ಪರ್ವತ ದೇಶವೊಂದರವರು. ಅವರ ಮಾತನ್ನು ಕೊರಳಿನ ಅನುವಾದ ಯಂತ್ರ ಅಚ್ಚುಕಟ್ಟಾದ ಪತ್ರಿಕಾ ಕನ್ನಡದಲ್ಲಿ ಹೇಳುತ್ತಿತ್ತು. ನಿಯಂತ್ರಣ ಕೋಣೆಯಲ್ಲಿ ಅವರು, ಲವೀನಾ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಈಸಾ ಕಾಕ. ಕೇಂದ್ರದ ಗೇಟಿನ ಹೊರಗೆ ಬೆಂಗ್ರೆಯ ಅರ್ಧ ಜನ.

ಹಜಾರದ ಬಾಗಿಲು ಮುಚ್ಚಿತು. ನಝೀಹಾ ಹೊರಟಳು. ಕಾಲುವೆಯ ದಡ. ಮಸೀದಿ. ಬಾವಿ. ಅಲ್ಲಿಯವರೆಗೆ ಕಾಲು ತಾನೇ ನಡೆಯಿತು. ಬಲಕ್ಕೆ ತಿರುಗಿದಳು. ಹಲಸಿನ ಮರ. ಎದುರಿನ ಕತ್ತಲಲ್ಲಿ ಕೆಂಪಗೆ ಏನೋ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಬೇಕು, ಬೇಕು ಎಂದು ಅವಳು ಮನಸ್ಸಿನಲ್ಲೇ ಅಂಗಲಾಚಿದಳು. ಲಾರಿಗಳು ಕಂಡವು. ಶಿಬಿರದ ಸಾಲು ಪಾಯಿಖಾನೆಗಳು ಕಂಡವು. ಗೋಪುರ ಮಾತ್ರ ನಿಲ್ಲಲೊಲ್ಲದು.

ಕತ್ತಿನ ಹಿಂಭಾಗದಲ್ಲಿ, ಯಾವ ಕೈಯೂ ಇಲ್ಲದ ಜಾಗದಲ್ಲಿ, ಒತ್ತಿದಂತಾಯಿತು.

ಅವಳು ಬಗ್ಗಿದಳು. ಬಗ್ಗಿ ಬೇಗ ಬೇಗ ಹೆಜ್ಜೆ ಹಾಕಿದಳು. ನಡುಕ ನಿಂತಿತು. ಪೂರ್ವಕ್ಕೆ, ಬೆಳ್ಳಗೆ, ಖಾಲಿಯಾಗಿ, ಯಾವ ಅನುಮಾನವೂ ಇಲ್ಲದ ಹಾಗೆ ಆಕಾಶ ಇತ್ತು. ಆಚೆ ಹೋಗಿ ನೆಟ್ಟಗಾದ ಮೇಲೆಯೇ ಗೋಪುರವನ್ನು ಬಿಟ್ಟುಬಂದೆನೆಂದು ಅವಳಿಗೆ ತಿಳಿದದ್ದು.

ನಿಯಂತ್ರಣ ಕೋಣೆಗೆ ಬಂದಾಗ ಯಾರೂ ಅವಳ ಮುಖ ನೋಡಲಿಲ್ಲ. ಪರದೆಯ ಮೇಲೆ ಅಂಕಿ ಇತ್ತು. ಅರವತ್ತೆಂಟು.

“ಮಿರಿಫಾರು ಕನಿಷ್ಠ ಮಟ್ಟವನ್ನು ತಲುಪಿಲ್ಲ,” ಎಂದಿತು ವೀಕ್ಷಕಿಯ ಕೊರಳಿನ ಯಂತ್ರ. “ನಾನು ವಿಷಾದಿಸುತ್ತೇನೆ.”

ನಝೀಹಾ ಲವೀನಾಳ ಕಡೆ ತಿರುಗಿದಳು. “ಅಕ್ಕ, ನಾನು ಬಗ್ಗಿದ್ದು? ಅದು ಬರ್ಲಿಲ್ವಾ?”

“ಬಗ್ಗಿದ್ದಕ್ಕೆ ಮಾರ್ಕಿಲ್ಲ. ಮೈಯ ಭಂಗಿ ಸೋಸಿ ತೆಗೀತದೆ. ಮೊದಲಿನವರು ಹಾಗೆ ಇಟ್ಟದ್ದು. ಆಗ ನಡೆದವರೆಲ್ಲ ಹೆಲ್ಮೆಟ್ಟಿನ ಭಾರಕ್ಕೆ ಬಗ್ಗಿದ್ರಂತೆ, ವಯಸ್ಸಾದವರು ಅಂತ...” ಲವೀನಾ ಮಾತು ಅರ್ಧಕ್ಕೇ ಬಿಟ್ಟು ಪರದೆಯತ್ತ ತಿರುಗಿದಳು. ಅವಳ ಬೆರಳು ಓಡಿತು.

ಹಳೆಯ ದಾಖಲೆಯಿಂದ ನಲವತ್ತು ಗೆರೆಗಳು ಒಂದರ ಕೆಳಗೊಂದು ಮೂಡಿದವು. ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಗೆರೆ. ಎಲ್ಲವೂ ನೇರ ಬಂದು, ಒಂದೇ ಜಾಗದಲ್ಲಿ ಕುಸಿದು, ಹನ್ನೆರಡು ಹೆಜ್ಜೆಯ ನಂತರ ಒಟ್ಟಿಗೇ ಮೇಲೆದ್ದಿದ್ದವು. ಅವುಗಳ ಕೆಳಗೆ ನಲವತ್ತೊಂದನೆಯದು, ಈಗಷ್ಟೇ ನಡೆದವಳದು.

“ಮೇಡಂ, ಇದನ್ನ ನೋಡಿ,” ಎಂದಳು ಲವೀನಾ.

“ವಯೋವೃದ್ಧರು ಬಾಗುವುದು ಸ್ವಾಭಾವಿಕ,” ಎಂದಿತು ಯಂತ್ರ.

“ವಯಸ್ಸಿಗೆ ಬಗ್ಗಿದವರು ಮತ್ತೆ ನೆಟ್ಟಗಾಗುವುದಿಲ್ಲ ಮೇಡಂ. ಮತ್ತೆ ಇವರು,” ಲವೀನಾ ಈಸಾ ಕಾಕನತ್ತ ಕೈ ತೋರಿಸಿದಳು, “ಆಗ ಇವರಿಗೆ ಮೂವತ್ತೊಂದು. ಇವರದ್ದು ಹದಿನೇಳನೇ ಗೆರೆ.”

ಗೋಪುರದ ಎದುರು ಯಾರೂ ಬಗ್ಗುವುದಿಲ್ಲ, ತಲೆ ಎತ್ತಿ ನೋಡುತ್ತಾರೆ. ನಝೀಹಾ ತೆರಪಿನ ಕಥೆ ಹೇಳಿದಳು, ಹಡಗು, ಬಿಳಿ ಗೆರೆ, ಇಳಿಸಿದ ತಲೆಹೊರೆ. ದನಿ ನಡುಗುತ್ತಿತ್ತು. ಅನುವಾದ ಯಂತ್ರ ಅದನ್ನು ವೀಕ್ಷಕಿಯ ಕಿವಿಗೆ ನಡುಕವಿಲ್ಲದೆ ಹೇಳಿತು. ಆ ನಲವತ್ತು ಜನರ ಕಣ್ಣು ಮಂಗಳೂರಿನ ಕೊಳವೆಯನ್ನು ನೋಡಿತ್ತು, ಬೆನ್ನು ಮಿರಿಫಾರಿನಲ್ಲೇ ಉಳಿದಿತ್ತು.

ವೀಕ್ಷಕಿ ಒಪ್ಪಂದದ ಪ್ರತಿಯನ್ನು ತೆರೆದು ಬಹಳ ಹೊತ್ತು ಓದಿದರು. ‘ನಡಿಗೆಯಲ್ಲಿ ದಾಖಲಾದ ಸಮಸ್ತವೂ’ ಎಂದಿತ್ತು ಅಲ್ಲಿ. ಸೋಸುವುದನ್ನು ಹೇಳಿರಲಿಲ್ಲ.

“ಸೋಸದೆ ಮರಳಿ ಎಣಿಸಿ.”

ಎಪ್ಪತ್ತೊಂದು ಬಂತು.

ಲವೀನಾ ಮೇಜಿನ ಮೇಲೆ ಹಣೆ ಇಟ್ಟಳು. ವೀಕ್ಷಕಿ ಸಹಿ ಹಾಕುತ್ತ, ಪೂರ್ವದ ಗೋಪುರ ಸಂಶಯಾಸ್ಪದವೆಂದೂ ಮುಂದಿನ ನಡಿಗೆಯೊಳಗೆ ಪಠ್ಯಪುಸ್ತಕದಿಂದ ಅದನ್ನು ತೆಗೆಯಬೇಕೆಂದೂ ಷರಾ ಬರೆದರು. ಏಳು ವರ್ಷದ ನಂತರ ನಡೆಯುವ ಮಗುವಿನ ತಲೆಯಲ್ಲಿ ಅಲ್ಲಿ ಏನೂ ಇರಬಾರದು.

ಈಸಾ ಕಾಕ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

“ಹಾಗಾದ್ರೆ ನಾನು ಹತ್ತಿದ್ದು ಯಾವುದು ಮಗಾ?” ಎಂದರು. “ನಮ್ಮ ಅಪ್ಪ ಕೂಗಿದ್ದು ಎಲ್ಲಿ ನಿಂತು?”

ನಝೀಹಾ ಅವರ ಕೈಹಿಡಿದು ಮೆಟ್ಟಿಲು ಇಳಿಸಿದಳು. ಗೇಟಿನ ಹೊರಗೆ ಜನ ಆಗಲೇ ಕುಣಿಯತೊಡಗಿದ್ದರು.

*

ಮರುವಾರ ನಾಲ್ಕನೆಯ ತರಗತಿಯಲ್ಲಿ ಮೊದಲ ಪಾಠದ ಕೊನೆಯ ಸಾಲಿನ ಮೇಲೆ ಎಲ್ಲರೂ ಕಾಗದದ ಪಟ್ಟಿ ಅಂಟಿಸಿದರು.

“ಪೂರ್ವಕ್ಕೆ ಏನುಂಟು ಅಂತ ಬರೀಬೇಕು ಟೀಚರ್?”

“ಏನೂ ಬರೀಬೇಡಿ. ಖಾಲಿ ಬಿಡಿ.”

“ಖಾಲಿ ಬಿಟ್ರೆ ತಪ್ಪು ಅಂತ ನೀವೇ ಹೇಳಿದ್ದು!”

“ಇದೊಂದು ಬಿಡಿ.”

ಗಂಟೆ ಹೊಡೆಯಿತು. ಮಕ್ಕಳು ಕೂಗುತ್ತ ಓಡಿದರು. ನಝೀಹಾ ಬಾಗಿಲಲ್ಲಿ ನಿಂತು ನೋಡಿದಳು. ತೆರಪು ಬಂದಾಗ ಒಬ್ಬೊಬ್ಬರೇ ಚೀಲವನ್ನು ಕಂಕುಳಿಗೆ ಅವುಚಿ, ಬೆನ್ನು ಬಗ್ಗಿಸಿ ಹಾಯತೊಡಗಿದರು. ಈಗ ಅದರ ಅರ್ಥ ಅವರಿಗೆ ಗೊತ್ತಿತ್ತು, ಅವಳೇ ಹೇಳಿಕೊಟ್ಟಿದ್ದಳು. ಯಾರೂ ತಪ್ಪಲಿಲ್ಲ. ಆದರೆ ಬಗ್ಗಿದ ಒಬ್ಬೊಬ್ಬ ಮಗುವೂ, ನಡುವೆ ಒಂದು ಕ್ಷಣ, ಕತ್ತು ಹೊರಳಿಸಿ ಪೂರ್ವಕ್ಕೆ ನೋಡುತ್ತಿತ್ತು. ಹಡಗಿನವರಿಗೆ ಕಾಣುತ್ತಿದ್ದ ಆ ಖಾಲಿ ಆಕಾಶ ಹೇಗಿರುತ್ತದೆ ಎಂದು ನೋಡುವ ಆಸೆ.

ನದಿಯಾಚೆ, ಅವರ ತಲೆಗಳ ನೇರಕ್ಕೆ, ಸಂಜೆಯ ಬಿಸಿಲಿಗೆ ಇನ್ನಷ್ಟು ಕೆಂಪಗಾಗಿ ಕೊಳವೆ ನಿಂತಿತ್ತು.